ಡಬ್ಬಿಗೆ ಅಂಕ ಕೊಡಬೇಡಿ

ಬಣ್ಣದ ಪೆನ್ಸಿಲ್‌ಗಳ ವಿಮರ್ಶೆಗಳನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಸ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ, ಸಾಲಾಗಿ ಮಲಗಿರುವ ಬಣ್ಣಗಳ ಫೋಟೊ ಹಾಕುತ್ತಾರೆ, ನಾಲ್ಕು ಗೀಟು ಎಳೆಯುತ್ತಾರೆ, ‘ಎಷ್ಟು ಮೃದು, ಎಷ್ಟು ಗಾಢ’ ಎಂದು ಉದ್ಗರಿಸಿ ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟು ಮುಗಿಸುತ್ತಾರೆ. ಆ ನಾಲ್ಕೂವರೆ ಯಾವ ಪೆನ್ಸಿಲ್‌ಗೆ ಸಿಕ್ಕಿದ್ದು? ಬಿಳಿಗೋ, ತಿಳಿಗುಲಾಬಿಗೋ, ಕಾವಿಗೋ? ಕೇಳಿದರೆ ಉತ್ತರವಿಲ್ಲ. ಡಬ್ಬಿಗೆ ಸಿಕ್ಕಿದೆ, ಅಷ್ಟೆ.

ಸೆಟ್ ಎನ್ನುವುದು ಮಾರುವವರ ಅನುಕೂಲಕ್ಕೆ ಹುಟ್ಟಿದ ಏರ್ಪಾಡು ಎಂದು ನಾನು ತಿಳಿದಿದ್ದೇನೆ. ಚಿತ್ರ ಬರೆಯುವವರಿಗೆ ಪೆನ್ಸಿಲ್ ಮುಖ್ಯ, ಅದೂ ಒಂದೊಂದಾಗಿ. ಒಂದೇ ಡಬ್ಬಿಯಲ್ಲಿ ಒಂದು ಶತಮಾನ ಬಾಳುವ ಬಣ್ಣವೂ ಇರುತ್ತದೆ, ಒಂದು ಬೇಸಿಗೆಯ ಬಿಸಿಲಿಗೇ ಸೋಲುವ ಬಣ್ಣವೂ ಇರುತ್ತದೆ. ತರಗತಿಯ ಸರಾಸರಿ ಅಂಕದಿಂದ ಕೊನೆಯ ಬೆಂಚಿನ ಹುಡುಗ ಪಾಸಾದನೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಇದೂ ಹಾಗೆಯೇ.

ಹೀಗಾಗುವುದಕ್ಕೆ ಕಾರಣ ತಯಾರಿಕೆಯಲ್ಲೇ ಇದೆ. ಮಾಮೂಲಿ ಕಪ್ಪು ಪೆನ್ಸಿಲ್‌ನಲ್ಲಿ ಗ್ರಾಫೈಟನ್ನು ಜೇಡಿಮಣ್ಣಿನೊಂದಿಗೆ ಕಲಸಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಬಣ್ಣದ ಕಡ್ಡಿಯನ್ನು ಹಾಗೆ ಸುಡಲು ಬರುವುದಿಲ್ಲ, ಸುಟ್ಟರೆ ಬಣ್ಣವೇ ಉಳಿಯುವುದಿಲ್ಲ. ಪಿಗ್ಮೆಂಟ್ ಎಂಬ ಬಣ್ಣದ ಪುಡಿ, ಜೇಡಿ ಅಥವಾ ಟಾಲ್ಕ್‌ನಂತಹ ಬಿಳಿಪುಡಿ, ಅಂಟು, ಮೇಣ ಇಲ್ಲವೆ ಎಣ್ಣೆ ಇವುಗಳನ್ನು ಕಲಸಿ, ಸಣ್ಣ ರಂಧ್ರದ ಮೂಲಕ ಒತ್ತಿ, ಒಣಗಿಸುತ್ತಾರೆ. ಒಂದೊಂದು ಪಿಗ್ಮೆಂಟ್‌ನ ಸ್ವಭಾವ ಒಂದೊಂದು ಬಗೆಯಾದ್ದರಿಂದ ಕಲಸುವ ಪ್ರಮಾಣವೂ ಬೇರೆ ಬೇರೆಯಾಗುತ್ತದೆ. ಆದ್ದರಿಂದಲೇ ಒಂದೇ ಸೆಟ್ಟಿನಲ್ಲಿ ಒಂದು ನೀಲಿ ನುಣ್ಣಗೆ ಹರಿದರೆ, ಪಕ್ಕದ ಕಂದು ಕರಕರ ಎನ್ನುತ್ತದೆ.

‘ಮೇಣದ್ದೋ ಎಣ್ಣೆಯದ್ದೋ’ ಎಂಬ ಚರ್ಚೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಹೆಚ್ಚಿನ ಪೆನ್ಸಿಲ್‌ಗಳಲ್ಲಿ ಎರಡೂ ಇರುತ್ತವೆ, ಯಾವುದು ಹೆಚ್ಚು ಎನ್ನುವುದಷ್ಟೇ ವ್ಯತ್ಯಾಸ. ‘ಆರ್ಟಿಸ್ಟ್’ ಎಂಬ ಪದವನ್ನೂ ನಂಬಬೇಡಿ. ಅದನ್ನು ಯಾರು ಬೇಕಾದರೂ ಡಬ್ಬಿಯ ಮೇಲೆ ಅಚ್ಚು ಹಾಕಿಸಬಹುದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲು ಕಾಗದ. ನೀವು ನಿಜವಾಗಿ ಚಿತ್ರ ಬರೆಯುವ ಕಾಗದದ ಮೇಲೆಯೇ ಪರೀಕ್ಷೆ ನಡೆಯಬೇಕು. ಪ್ರಿಂಟರ್‌ನ ತೆಳುಹಾಳೆಯ ಮೇಲೆ ಗೀಚಿ ‘ಪದರ ಕೂರುವುದಿಲ್ಲ’ ಎಂದು ಪೆನ್ಸಿಲ್ಲನ್ನು ಬೈಯುವುದು ಅನ್ಯಾಯ. ಬಣ್ಣದ ಪುಡಿ ಹಿಡಿದು ನಿಲ್ಲುವುದು ಕಾಗದದ ಮೇಲ್ಮೈಯ ಸಣ್ಣ ತರಿಗಳ ನಡುವೆ. ತರಿ ತುಂಬಿಹೋದರೆ ಎಂತಹ ಪೆನ್ಸಿಲ್ಲೂ ಜಾರುತ್ತದೆ. ನುಣುಪಾದ ಬ್ರಿಸ್ಟಲ್ ಹಾಳೆಯ ಮೇಲೆ ಬೇಗನೆ ಕೈಚೆಲ್ಲುವ ಪೆನ್ಸಿಲ್, 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಟ್ ಪ್ರೆಸ್ ಜಲವರ್ಣದ ಹಾಳೆಯ ಮೇಲೆ ಇನ್ನೂ ಹಲವು ಪದರಗಳನ್ನು ತಾಳಿಕೊಳ್ಳಬಹುದು. ಹಾಳೆಯ ಹೆಸರು ಹೇಳದ ವಿಮರ್ಶೆಯನ್ನು ನಾನು ಅರ್ಧಕ್ಕೇ ಬಿಟ್ಟುಬಿಡುತ್ತೇನೆ.

ಆಮೇಲೆ ಚಾರ್ಟ್. ಪೆನ್ಸಿಲ್‌ನ ತುದಿಗೆ ಬಳಿದ ಬಣ್ಣಕ್ಕೂ ಒಳಗಿನ ಕಡ್ಡಿಯ ಬಣ್ಣಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಮುಖ್ಯವಾಗಿ ಗಾಢ ಬಣ್ಣಗಳಲ್ಲಿ ಕಡುನೀಲಿ, ಕಡುಹಸಿರು, ಊದಾ ಮೂರೂ ತುದಿಯಲ್ಲಿ ಕಪ್ಪಾಗಿಯೇ ಕಾಣುತ್ತವೆ. ಪ್ರತಿ ಬಣ್ಣಕ್ಕೂ ಒಂದು ಉದ್ದನೆಯ ಚೌಕ ಮಾಡಿ, ಒಂದು ತುದಿಯಲ್ಲಿ ಕೈಯ ಭಾರ ಬಿಟ್ಟು ಒತ್ತಿ, ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಸೋಕಿಯೂ ಸೋಕದಂತೆ ಹಗುರಗೊಳಿಸಿ. ಒಳ್ಳೆಯ ಪೆನ್ಸಿಲ್ ಇವೆರಡರ ನಡುವೆ ಮೆಟ್ಟಿಲಿಲ್ಲದೆ ಇಳಿಯುತ್ತದೆ. ಕೆಟ್ಟದ್ದು ಮಧ್ಯದಲ್ಲೆಲ್ಲೋ ಮುಗ್ಗರಿಸುತ್ತದೆ: ಒಂದು ಕಡೆ ಗಟ್ಟಿ ಬಣ್ಣ, ಇನ್ನೊಂದು ಕಡೆ ಬರಿಯ ಗೀರು, ನಡುವೆ ಏನೂ ಇಲ್ಲ. ಕಡ್ಡಿಯಲ್ಲಿ ಹರಳು ಸಿಕ್ಕಿ ಕಾಗದ ಗೀರಿದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಮೃದುತ್ವಕ್ಕೆ ಇಷ್ಟೊಂದು ಜೈಕಾರ ಏಕೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಮೃದುವಾದ ಕಡ್ಡಿ ಮೊದಲ ಗೀಟಿನಲ್ಲೇ ಕಣ್ಣಿಗೆ ಹಬ್ಬ ಮಾಡುತ್ತದೆ, ನಿಜ. ಆದರೆ ಅದರ ಮೊನೆ ನಿಲ್ಲುವುದಿಲ್ಲ, ರೆಪ್ಪೆಯ ಕೂದಲು ಬಿಡಿಸಲು ಹೋದರೆ ಹಗ್ಗವಾಗುತ್ತದೆ, ಕಾಗದದ ತರಿಯನ್ನು ಬೇಗನೆ ತುಂಬಿ ಮುಂದಿನ ಪದರಕ್ಕೆ ಬಾಗಿಲು ಮುಚ್ಚುತ್ತದೆ. ಮೇಣ ಹೆಚ್ಚಿದ್ದಲ್ಲಿ ಇನ್ನೊಂದು ಕಾಟವೂ ಇದೆ. ದಪ್ಪ ಪದರದ ಮೇಲೆ ಕೆಲವು ದಿನಗಳಲ್ಲಿ ಬೂದುಮುಸುಕು ಮೂಡುತ್ತದೆ. ಒಳಗಿನ ಮೇಣ ಮೇಲೇರಿ ಬಂದಿರುತ್ತದೆ, ಕಪ್ಪು ಮತ್ತು ಕಡುಗೆಂಪಿನ ಮೇಲಂತೂ ಎದ್ದು ಕಾಣುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಮುಗಿದ ಚಿತ್ರಕ್ಕೆ ಫಿಕ್ಸೇಟಿವ್ ಎಂಬ ರಕ್ಷಕ ದ್ರವ ಸಿಂಪಡಿಸಿದರೆ ಮತ್ತೆ ಬರುವುದು ತಪ್ಪುತ್ತದೆ. ಪೆನ್ಸಿಲ್ ಹಾಳಾಗಿದೆ ಎಂದು ಗಾಬರಿಯಾಗಬೇಕಿಲ್ಲ, ಆದರೆ ಡಬ್ಬಿ ತೆರೆದ ದಿನವೇ ವಿಮರ್ಶೆ ಬರೆದವರಿಗೆ ಇದು ಗೊತ್ತಾಗುವುದಾದರೂ ಹೇಗೆ?

ನನ್ನ ಮಟ್ಟಿಗೆ ಪದರದ ಪರೀಕ್ಷೆಯೇ ಕೈಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ದೊಡ್ಡದು. ಹಳದಿಯ ಮೇಲೆ ನೀಲಿ, ಮತ್ತೆ ನೀಲಿಯ ಮೇಲೆ ಹಳದಿ ಹಾಕಿ ನೋಡಿ. ಎರಡೂ ಹಸಿರೇ, ಆದರೆ ಒಂದೇ ಹಸಿರಲ್ಲ. ಯಾವ ಪೆನ್ಸಿಲ್ ತನ್ನ ಕೆಳಗಿನದನ್ನು ಮುಚ್ಚುತ್ತದೆ, ಯಾವುದು ಇಣುಕಲು ಬಿಡುತ್ತದೆ ಎನ್ನುವುದು ಇಲ್ಲಿ ಬಯಲಾಗುತ್ತದೆ. ಹಗುರ ಕೈಯಿಂದ ಪದರದ ಮೇಲೆ ಪದರ ಹಾಕುತ್ತ ಹೋಗಿ, ಹೊಸ ಬಣ್ಣ ಹಿಡಿಯದೆ ಜಾರತೊಡಗುವ ಹಂತವನ್ನು ಗುರುತಿಸಿ. ಎರೇಸರ್‌ನಿಂದ ಎತ್ತಿ ನೋಡಿ. ಕೆಲವು ಬಣ್ಣಗಳು ಬಹುತೇಕ ಬಿಟ್ಟುಕೊಡುತ್ತವೆ, ಕೆಲವು ನೀಲಿ ಮತ್ತು ಕೆಂಪುಗಳು ಕಾಗದಕ್ಕೇ ಕಲೆ ಹಿಡಿಸಿ ಕೂರುತ್ತವೆ. ಪದರಗಳನ್ನು ಬೆರೆಸುವ ಬಣ್ಣರಹಿತ ಬ್ಲೆಂಡರ್ ಪೆನ್ಸಿಲ್ ಇದ್ದರೆ ಅದರಲ್ಲೂ ತಿಕ್ಕಿ. ಕಪ್ಪು ಹಾಳೆಯ ಮೇಲೆ ಬಿಳಿಯನ್ನು ಎಳೆದು ನೋಡುವುದನ್ನಂತೂ ಮರೆಯಬೇಡಿ. ಎಷ್ಟೋ ಸೆಟ್‌ಗಳ ಬಿಳಿ ಪೆನ್ಸಿಲ್ ಬರಿಯ ಸಂಖ್ಯೆ ತುಂಬಿಸಲು ಬಂದು ಕುಳಿತಿರುತ್ತದೆ.

ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್ಸಿಲ್‌ನ ಬುಡವನ್ನು ಕಣ್ಣ ಮುಂದೆ ಹಿಡಿದು ನೋಡಿದರೆ ಕಡ್ಡಿ ನಡುಮಧ್ಯೆ ಇದೆಯೇ, ಒಂದು ಬದಿಗೆ ಸರಿದಿದೆಯೇ ಎಂದು ತಿಳಿಯುತ್ತದೆ. ಸರಿದಿದ್ದರೆ ಹೆರೆದಾಗ ಒಂದು ಕಡೆ ಮರ ಮೇಲಕ್ಕೆ ಉಳಿಯುತ್ತದೆ, ಇನ್ನೊಂದು ಕಡೆ ಕಡ್ಡಿ ಆಸರೆಯಿಲ್ಲದೆ ನಿಂತು ಮುರಿಯುತ್ತದೆ. ಹೊಸ ಬ್ಲೇಡಿನ ಶಾರ್ಪನರ್‌ನಲ್ಲಿಯೂ ಮೊನೆ ಮತ್ತೆ ಮತ್ತೆ ಉದುರಿದರೆ ಒಳಗೆ ಕಡ್ಡಿ ತುಂಡಾಗಿದೆ ಎಂದೇ ಅರ್ಥ. ಅಂತಹದನ್ನು ಹಿಂದಿರುಗಿಸಿ, ವಾದ ಬೇಡ.

ಇನ್ನು ಬೆಳಕು. ವಿಮರ್ಶೆಗಳು ತಪ್ಪಿಸಿಕೊಂಡು ಹೋಗುವುದು ಇಲ್ಲಿಯೇ, ಏಕೆಂದರೆ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದಾಗ ಗೋಡೆಗಳು ತಿಳಿನೇರಳೆಯಾಗಿದ್ದವು. ಬಣ್ಣದೊಳಗಿದ್ದ ಕೆಂಪು ಮಾಸಿಹೋಗಿ, ನಾವು ಇಂದು ನೋಡುವ ಗೋಡೆಗಳು ನೀಲಿ. ಎಣ್ಣೆವರ್ಣಕ್ಕೇ ಹೀಗಾದ ಮೇಲೆ ಕಾಗದದ ಮೇಲಿನ ತೆಳ್ಳನೆಯ ಪೆನ್ಸಿಲ್ ಪದರದ ಪಾಡೇನು?

ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಬಣ್ಣದ ಅಣುಗಳ ಬಂಧಗಳನ್ನು ಮುರಿಯುತ್ತದೆ. ಅಣು ಮುರಿದರೆ ಬಣ್ಣ ಹೋಯಿತು. ಕಾವಿ, ಕಂದು, ಹಳದಿಮಣ್ಣಿನ ಬಣ್ಣಗಳು ಕಬ್ಬಿಣದ ಆಕ್ಸೈಡ್‌ಗಳು. ತುಕ್ಕಾಗಿಯೇ ಹುಟ್ಟಿದವು, ಇನ್ನು ಹಾಳಾಗುವುದಕ್ಕೆ ಏನು ಉಳಿದಿದೆ! ಇಂಗಾಲದ ಕಪ್ಪು, ಟೈಟಾನಿಯಂ ಬಿಳಿ, ಥ್ಯಾಲೊ ಎಂಬ ಕೃತಕ ಪಿಗ್ಮೆಂಟ್‌ನ ನೀಲಿ ಮತ್ತು ಹಸಿರುಗಳೂ ಗಟ್ಟಿಗರು. ಸೋಲುವವರು ಯಾರೆಂದರೆ ರಾಣಿ ಗುಲಾಬಿ, ಮಿನುಗುವ ನೇರಳೆ, ಮೈಬಣ್ಣಕ್ಕೆಂದು ಬಳಸುವ ತಿಳಿಗುಲಾಬಿಗಳು. ತಿಳಿ ಬಣ್ಣಗಳಿಗೆ ಎರಡು ಪೆಟ್ಟು: ಪಿಗ್ಮೆಂಟ್ ದುರ್ಬಲವಾಗಿರುವುದು ಒಂದು, ಬಿಳಿ ಬೆರೆಸಿ ಅದನ್ನು ಇನ್ನಷ್ಟು ತೆಳುಮಾಡಿರುವುದು ಇನ್ನೊಂದು. ಭಾವಚಿತ್ರ ಬರೆಯುವವರು ಕೆನ್ನೆಗೆ ಹಚ್ಚುವ ಬಣ್ಣಗಳೇ ಇವು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮಗುವಿನ ಮುಖ ಕೆಲವೇ ವರ್ಷಗಳಲ್ಲಿ ರಕ್ತಹೀನವಾಗಿ ಕಾಣತೊಡಗಿದರೆ ತಪ್ಪು ಗಾಜಿನದಲ್ಲ. ಹಾಗೆಂದು ಗಾಜು ಕಾಪಾಡುತ್ತದೆ ಎಂದೂ ಭ್ರಮಿಸಬೇಡಿ. ಮಾಮೂಲಿ ಗಾಜು ಅತಿನೇರಳೆಯ ಒಂದು ಭಾಗವನ್ನಷ್ಟೇ ತಡೆಯುತ್ತದೆ, ಉಳಿದದ್ದನ್ನು ಒಳಗೆ ಬಿಡುತ್ತದೆ.

ಬಣ್ಣ ಬೆಳಕಿಗೆ ಎಷ್ಟು ಕಾಲ ತಾಳುತ್ತದೆ ಎಂಬುದಕ್ಕೆ ಕಂಪನಿಗಳು ತಾವೇ ದರ್ಜೆ ಕೊಡುತ್ತವೆ. ಫೇಬರ್-ಕ್ಯಾಸಲ್ ಕಂಪನಿ 1908ರಲ್ಲಿ ಆರಂಭಿಸಿದ ಪಾಲಿಕ್ರೋಮೋಸ್ ಸಾಲಿನಲ್ಲಿ 120 ಬಣ್ಣಗಳಿವೆ. ಒಂದೊಂದು ಪೆನ್ಸಿಲ್‌ನ ಮೇಲೂ ನಕ್ಷತ್ರಗಳಿರುತ್ತವೆ: ಮೂರಿದ್ದರೆ 100 ವರ್ಷಕ್ಕೂ ಹೆಚ್ಚು, ಎರಡಿದ್ದರೆ 25ಕ್ಕೂ ಹೆಚ್ಚು, ಒಂದೇ ಇದ್ದರೆ 5ಕ್ಕೂ ಹೆಚ್ಚು ಎಂಬುದು ಲೆಕ್ಕ. ಒಂದೇ ಡಬ್ಬಿಯಲ್ಲಿ 100 ಮತ್ತು 5 ಅಕ್ಕಪಕ್ಕ ಮಲಗಬಹುದು ಎಂದು ತಯಾರಕರೇ ಒಪ್ಪಿದ ಮೇಲೆ ಡಬ್ಬಿಗೆ ಒಂದೇ ಅಂಕ ಕೊಡುವ ನಾವು ಯಾರು? ಸ್ವಿಟ್ಜರ್ಲೆಂಡಿನ ಕಾರನ್ ದಾಶ್ ಕಂಪನಿಯ ಲೂಮಿನನ್ಸ್ ಪೆನ್ಸಿಲ್‌ಗಳು ಬಣ್ಣದ ಪೆನ್ಸಿಲ್‌ಗಳಿಗೆಂದೇ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆ ರೂಪಿಸಿದ ಡಿ6901 ಮಾನದಂಡವನ್ನು ಅನುಸರಿಸುತ್ತವೆ. ಈ ಮಾನದಂಡ ರೂಪುಗೊಳ್ಳುವುದರ ಹಿಂದೆ 1990ರಲ್ಲಿ ಸ್ಥಾಪನೆಯಾದ ಅಮೆರಿಕದ ಬಣ್ಣದ ಪೆನ್ಸಿಲ್ ಕಲಾವಿದರ ಸಂಘದ ದುಡಿಮೆಯೂ ಇದೆ. ಕಲಾವಿದರು ಪಟ್ಟು ಹಿಡಿದು ಕೇಳಿದ್ದರಿಂದ ಆದ ಕೆಲಸ ಎಂಬುದು ನನಗೆ ಮೆಚ್ಚುಗೆಯ ಸಂಗತಿ.

ಆದರೆ ನಕ್ಷತ್ರಗಳಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥವಿಲ್ಲ. ನೀವೇ ನೋಡುವುದು ಕಷ್ಟವೂ ಅಲ್ಲ. ಒಳ್ಳೆಯ ಕಾಗದದ ಪಟ್ಟಿಯ ಮೇಲೆ ಪ್ರತಿ ಬಣ್ಣವನ್ನೂ ಎರಡು ಬಗೆಯಾಗಿ, ಒಮ್ಮೆ ಗಟ್ಟಿಯಾಗಿ, ಒಮ್ಮೆ ತೆಳುವಾಗಿ ಹಚ್ಚಿ. ತೆಳುವಾದದ್ದೇ ಮೊದಲು ಮಾಸುವುದು, ಚಿತ್ರದಲ್ಲಿ ಹೆಚ್ಚು ಬಳಕೆಯಾಗುವುದೂ ಅದೇ. ಪಟ್ಟಿಯ ಅರ್ಧವನ್ನು ಬೆಳಕು ನುಸುಳದಂತೆ ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಇಂತಹುದೇ ಇನ್ನೊಂದು ಪಟ್ಟಿಯನ್ನು ಕತ್ತಲೆಯ ಡ್ರಾಯರ್‌ನಲ್ಲಿ ಇಡಿ. ಜೊತೆಗೆ ಒಂದು ಬ್ಲೂ ವೂಲ್ ಕಾರ್ಡ್ ಇದ್ದರೆ ಕೆಲಸ ಪಕ್ಕಾ ಆಗುತ್ತದೆ. ಅದರಲ್ಲಿ ನೀಲಿ ಬಣ್ಣ ಹಾಕಿದ ಎಂಟು ಉಣ್ಣೆಯ ಪಟ್ಟಿಗಳಿರುತ್ತವೆ. ಒಂದನೆಯದು ಎಲ್ಲಕ್ಕಿಂತ ಬೇಗ ಮಾಸುತ್ತದೆ, ಎಂಟನೆಯದು ಎಲ್ಲಕ್ಕಿಂತ ನಿಧಾನ. ಒಂದು ಪಟ್ಟಿಯಿಂದ ಮುಂದಿನದಕ್ಕೆ ತಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಈ ಕಾರ್ಡ್ ಇಲ್ಲದೆ ‘ಮೂರು ತಿಂಗಳು ಬಿಸಿಲಲ್ಲಿಟ್ಟೆ, ಏನೂ ಆಗಲಿಲ್ಲ’ ಎನ್ನುವವರ ಮಾತಿಗೆ ಬೆಲೆಯಿಲ್ಲ. ಮಳೆಗಾಲದ ಮೂರು ತಿಂಗಳೋ, ಬೇಸಿಗೆಯದೋ? ಕಿಟಕಿ ಯಾವ ದಿಕ್ಕಿಗೆ? ಬಿದ್ದ ಬೆಳಕಿಗೆ ಕಾರ್ಡೇ ಸಾಕ್ಷಿ. ಮೂರನೆಯ ಉಣ್ಣೆ ಮಾಸಿದ ಹೊತ್ತಿಗೆ ನಿಮ್ಮ ಗುಲಾಬಿಯೂ ಮಾಸಿದ್ದರೆ ಅದರ ತಾಳಿಕೆ ಅಷ್ಟೇ. ಆರನೆಯದು ಮಾಸಿದರೂ ಅದು ಜಗ್ಗದಿದ್ದರೆ ಕಣ್ಣುಮುಚ್ಚಿ ಬಳಸಿ.

‘ನಾನು ಬಣ್ಣ ತುಂಬುವ ಪುಸ್ತಕಕ್ಕೆ ಬಳಸುತ್ತೇನೆ, ನನಗೇಕೆ ಇದೆಲ್ಲ?’ ಎನ್ನುವವರ ಮಾತು ಸರಿಯೇ. ಮುಚ್ಚಿಟ್ಟ ಪುಸ್ತಕಕ್ಕೆ ಬೆಳಕಿನ ಭಯವಿಲ್ಲ. ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿಸುವವರಿಗೂ ಇಲ್ಲ. ಮಾಸುವ ಪೆನ್ಸಿಲ್‌ಗಳನ್ನು ಎಸೆಯಬೇಕಿಲ್ಲ, ಅವುಗಳಿಗೆ ಒಂದು ಸುತ್ತು ಟೇಪ್ ಅಂಟಿಸಿ ಇಂತಹ ಕೆಲಸಗಳಿಗೆ ಮೀಸಲಿಡಿ. ನನ್ನ ತಕರಾರು ಇರುವುದು ಚಿತ್ರವನ್ನು ಹಣ ಪಡೆದು ಮಾರಿಯೂ ಪೆನ್ಸಿಲ್‌ನ ಮೇಲಿನ ನಕ್ಷತ್ರ ನೋಡದವರ ಬಗ್ಗೆ. ಕೊಂಡವರಿಗೆ ಅದನ್ನು ತಿಳಿಸುವ ಹೊಣೆ ಅವರದು.

ಸಂಖ್ಯೆಯ ಮೋಹದ ಬಗ್ಗೆಯೂ ಒಂದು ಮಾತು. ದೊಡ್ಡ ಡಬ್ಬಿಯಲ್ಲಿ ಬರುವ ಹೆಚ್ಚಿನ ಬಣ್ಣಗಳಲ್ಲಿ ಬಹುಪಾಲು ಎರಡು ಪೆನ್ಸಿಲ್‌ಗಳ ಪದರದಿಂದ ನೀವೇ ಪಡೆಯಬಹುದಾದವು. ಅದಕ್ಕಿಂತ ದೊಡ್ಡ ಪ್ರಶ್ನೆ, ಮುಗಿದ ಬಣ್ಣ ಬಿಡಿಯಾಗಿ ಸಿಗುತ್ತದೆಯೇ ಎನ್ನುವುದು. ಬಿಳಿಯೂ ಮೈಬಣ್ಣವೂ ಮೊದಲು ಸವೆಯುತ್ತವೆ. ಬಿಡಿ ಪೆನ್ಸಿಲ್ ಮಾರದ ಕಂಪನಿಯ ಸೆಟ್ ಎಷ್ಟು ಚೆನ್ನಾಗಿದ್ದರೂ ಆ ಎರಡು ಮುಗಿದ ದಿನ ಅರೆಬರೆಯಾಗುತ್ತದೆ.

ಆದ್ದರಿಂದ ‘ಯಾವ ಸೆಟ್ ಕೊಳ್ಳಲಿ?’ ಎಂದು ಇನ್‌ಬಾಕ್ಸ್‌ನಲ್ಲಿ ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ: ಮನಸ್ಸಿಗೆ ಬಂದ ಸಾಲಿನಿಂದ ಮೊದಲು ಮೂರು ಬಿಡಿ ಪೆನ್ಸಿಲ್ ತನ್ನಿ. ಒಂದು ಬಿಳಿ, ಒಂದು ತಿಳಿಗುಲಾಬಿ, ಒಂದು ಕಡುನೀಲಿ. ಬಿಳಿಯನ್ನು ಕಪ್ಪು ಹಾಳೆಯ ಮೇಲೆ ಎಳೆದರೆ ಮುಚ್ಚುವ ಶಕ್ತಿ ತಿಳಿಯುತ್ತದೆ. ಗುಲಾಬಿಯನ್ನು ಕಿಟಕಿಗೆ ಕಳುಹಿಸಿ. ಕಡುನೀಲಿಯನ್ನು ಮೊನೆ ಸೂಜಿಯಾಗುವಂತೆ ಹೆರೆದು, ಒಂದು ಚೌಕದಲ್ಲಿ ದಪ್ಪನೆ ಹಚ್ಚಿ, ಮೇಲೆ ಬೂದುಮುಸುಕು ಬರುತ್ತದೆಯೇ ಎಂದು ಕೆಲವು ವಾರ ಕಾದು ನೋಡಿ.