ಎಂ2: ಮ್ಯಾನ್ಯುಯಲ್ಲೋ ಆಟೋನೋ? ಮೊದಲು ಬ್ರೇಕ್ ಆಯಿಲ್ ಕೇಳ್ರಪ್ಪಾ

ಇವತ್ತು ಬೆಳಿಗ್ಗೆ ಲೋಣಾವಳಾದಲ್ಲಿ ಮಿಸಳ್ ಪ್ಲೇಟಿನ ಮುಂದೆ ನಮ್ಮ ಪುಣೆ ಕನ್ನಡದವರ ಗುಂಪಿನಲ್ಲಿ ಮತ್ತೆ ಅದೇ ಪಂಚಾಯ್ತಿ. ಹಿಂಜೆವಾಡಿಯ ಹುಡುಗನೊಬ್ಬ ಬಿಎಂಡಬ್ಲ್ಯು ಎಂ2 ಬುಕ್ ಮಾಡುವ ತಯಾರಿಯಲ್ಲಿದ್ದಾನೆ. ವರ್ಷಕ್ಕೆ ಮೂರ್ನಾಲ್ಕು ಸಲ ರೇಸ್ ಟ್ರ್ಯಾಕಿಗೆ ಒಯ್ಯಬೇಕು ಅಂತ ಆಸೆ. "ಯಾವುದು ತಗೊಳ್ಳಲಿ ಅಣ್ಣಾ, ಆರು ಗೇರಿನ ಮ್ಯಾನ್ಯುಯಲ್ಲೋ, ಎಂಟು ಗೇರಿನ ಆಟೋನೋ?" ಅಂತ ಕೇಳಿದ್ದೇ ತಡ, ಎದುರಿಗಿದ್ದ ಹಿರಿಯರು ತೀರ್ಪು ಕೊಟ್ಟೇಬಿಟ್ಟರು: "ಟ್ರ್ಯಾಕ್ ಅಂದ್ರೆ ಮ್ಯಾನ್ಯುಯಲ್ಲೇ ತಮ್ಮಾ. ಆಟೋ ಓಡಿಸೋನು ಡ್ರೈವರ್ರೇ ಅಲ್ಲ." ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಬ್ರೇಕ್, ಟೈರ್, ಕ್ಯಾಂಬರ್ (ಚಕ್ರದ ಓರೆ) ಯಾವುದರ ಸುದ್ದಿಯೂ ಇಲ್ಲ. ಕೋಟಿ ರೂಪಾಯಿ ಆಸುಪಾಸಿನ ಕಾರಿಗೆ ಇಷ್ಟು ಅಗ್ಗದ ಸಲಹೆ!

ಅಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ. ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೊಸಬನಾಗಿದ್ದರೆ ಆಟೋನೇ ತಗೋ. ಮ್ಯಾನ್ಯುಯಲ್ ಕೆಟ್ಟದು ಅಂತಲ್ಲ. ಕೈಕಾಲಿಗೂ ತಲೆಗೂ ಅಲ್ಲಿ ಬೇರೆ ಕೆಲಸ ಬೇಕಾದಷ್ಟಿದೆ.

ಎರಡರಲ್ಲೂ ಇಂಜಿನ್ ಒಂದೇ, ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೋ ಇರುವ ಎಸ್58. 2024ರ ನವೆಂಬರ್‌ನಲ್ಲಿ ನಮ್ಮಲ್ಲಿಗೆ ಬಂದ ಪರಿಷ್ಕೃತ ಎಂ2ದಲ್ಲಿ ಅದು 480 ಹಾರ್ಸ್‌ಪವರ್ ಕೊಡುತ್ತದೆ. ಟಾರ್ಕ್ (ತಿರುಗಿಸುವ ಬಲ) ಮ್ಯಾನ್ಯುಯಲ್‌ನಲ್ಲಿ 550 ಎನ್‌ಎಂ, ಆಟೋದಲ್ಲಿ 600. ಸೊನ್ನೆಯಿಂದ ನೂರಕ್ಕೆ ಕಂಪನಿ ಹೇಳುವ ಲೆಕ್ಕ ಆಟೋಗೆ 4.0 ಸೆಕೆಂಡ್, ಮ್ಯಾನ್ಯುಯಲ್‌ಗೆ 4.2. ಆಟೋ ಪಕ್ಷದವರು ಈ 0.2 ಸೆಕೆಂಡ್ ಹಿಡಿದುಕೊಂಡು ಕುಣಿಯುತ್ತಾರೆ, ಅವರೂ ಅಷ್ಟಕ್ಕಷ್ಟೇ. ಟ್ರ್ಯಾಕ್ ಡೇನಲ್ಲಿ ಪಿಟ್ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಿಟ್ಟ ಮೇಲೆ ಕಾರು ನಿಲ್ಲುವುದೇ ಇಲ್ಲ, ಆ ಅಂಕಿ ಇಟ್ಟುಕೊಂಡು ಏನು ಮಾಡ್ತೀರಿ?

ಮ್ಯಾನ್ಯುಯಲ್ ಪಕ್ಷದವರ ಅಸ್ತ್ರ ತೂಕ. ಹೌದು, ಸುಮಾರು 25 ಕಿಲೋ ಕಡಿಮೆ. ಆದರೆ ಎಂ2ದ ಟ್ಯಾಂಕ್ 52 ಲೀಟರಿನದು, ತುಂಬಿಸಿದರೆ ಪೆಟ್ರೋಲೇ 39 ಕಿಲೋ ಹತ್ತಿರ ತೂಗುತ್ತದೆ. ಫುಲ್ ಟ್ಯಾಂಕ್ ಹಾಕಿಕೊಂಡು ಸೆಷನ್‌ಗೆ, ಅಂದರೆ ಟ್ರ್ಯಾಕಿನ ಒಂದು ಸರದಿಗೆ, ಇಳಿಯುವವನು ಆ 25 ಕಿಲೋ ಬಗ್ಗೆ ಭಾಷಣ ಮಾಡಬಾರದು. ಅರ್ಧ ಟ್ಯಾಂಕ್ ಸಾಕು. ಕಾಲು ಭಾಗಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ಉದ್ದನೆಯ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೇ ಹೋಗಬಹುದು.

ಈಗ ಆ ಹಿರಿಯರು ಹೇಳದೇ ಬಿಟ್ಟ ಮಾತು. ಮ್ಯಾನ್ಯುಯಲ್‌ನಲ್ಲಿ ಇಂಜಿನ್ ಸಾಯುವುದು ಒಂದೇ ಒಂದು ತಪ್ಪು ಗೇರಿನಿಂದ. ನೇರದ ಕೊನೆಗೆ ಐದನೇ ಗೇರಲ್ಲಿ ಬರ್ತೀರಿ, ಬ್ರೇಕ್ ಜೋರಾಗಿ ಒತ್ತಿ ನಾಲ್ಕಕ್ಕೆ ಎಳೀಬೇಕು. ಬ್ರೇಕಿನ ಹೊಡೆತಕ್ಕೆ ಮೈ ಮುಂದಕ್ಕೆ ವಾಲಿರುತ್ತದೆ, ಕೈಯನ್ನು ಸ್ವಲ್ಪ ಜಾಸ್ತಿ ಎಡಕ್ಕೆ ತಂದಿರೋ, ಗೇರು ನಾಲ್ಕರ ಬದಲು ಎರಡಕ್ಕೆ ಬೀಳುತ್ತದೆ. ಕ್ಲಚ್ ಬಿಟ್ಟ ಕ್ಷಣ ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ. ರೆಡ್‌ಲೈನ್ (ಇಂಜಿನ್ ತಿರುಗಬಹುದಾದ ಗರಿಷ್ಠ ಆರ್‌ಪಿಎಂ) 7200ರಲ್ಲಿ ಲಿಮಿಟರ್ ಇದೆಯಲ್ಲ ಅಂತೀರಾ? ಲಿಮಿಟರ್‌ಗೆ ಗೊತ್ತಿರುವುದು ಪೆಟ್ರೋಲ್ ನಿಲ್ಲಿಸುವುದಷ್ಟೇ, ಚಕ್ರದಿಂದ ಬರುವ ತಿರುಗಾಟವನ್ನು ಅದು ತಡೆಯಲಾರದು. ವಾಲ್ವ್ ಹೋಗಿ ಪಿಸ್ಟನ್‌ಗೆ ತಾಗಿದರೆ ಕಥೆ ಮುಗೀತು. ಮೇಲಾಗಿ ಇಂಜಿನ್ ಎಷ್ಟು ಆರ್‌ಪಿಎಂ ದಾಟಿತ್ತು ಅಂತ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ, ವಾರಂಟಿ ಕೇಳಿಕೊಂಡು ಹೋದಾಗ ಮೊದಲು ಓದುವುದೇ ಅದನ್ನು. ಡೌನ್‌ಶಿಫ್ಟ್‌ನಲ್ಲಿ ತಾನೇ ಆರ್‌ಪಿಎಂ ಏರಿಸಿಕೊಡುವ ಗೇರ್ ಶಿಫ್ಟ್ ಅಸಿಸ್ಟೆಂಟ್ ಈ ಕಾರಿನಲ್ಲಿದೆ, ನಿಜ. ಅದು ಗೇರನ್ನು ನಯವಾಗಿ ಕೂರಿಸುತ್ತದೆ ಅಷ್ಟೇ, ಯಾವ ಗೇರು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಆಟೋದಲ್ಲಿ ಅಂಥ ಗೇರು ಕೇಳಿದರೆ ಕೊಡುವುದೇ ಇಲ್ಲ, ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಷ್ಟೇ ಒತ್ತಿ.

ಒಂದು ಮಾತು ಒಪ್ಪಿಕೊಳ್ತೀನಿ. ಮುಳಶಿ ದಾಟಿ ತಾಮ್ಹಿಣಿ ಘಾಟಿನಲ್ಲಿ, ಮಳೆ ನಿಂತ ಬೆಳಿಗ್ಗೆ, ಮೂರರಿಂದ ಎರಡಕ್ಕೆ ಹೀಲ್ ಆಂಡ್ ಟೋ (ಒಂದೇ ಬಲಗಾಲಲ್ಲಿ ಬ್ರೇಕೂ ಆಕ್ಸಿಲರೇಟರೂ ಒತ್ತುವುದು) ಮಾಡುವ ಸುಖದ ಮುಂದೆ ಯಾವ ಪ್ಯಾಡಲ್ಲೂ ಇಲ್ಲ. ನನಗೂ ಅದರ ಹುಚ್ಚಿದೆ. ಇನ್ನು ಮುಂದೆ ಮ್ಯಾನ್ಯುಯಲ್ ಎಂ ಕಾರು ಸಿಗುತ್ತೋ ಇಲ್ಲವೋ ಅನ್ನುವ ವಾದವೂ ಇದೆ. ಸರಿ, ಸುಖಕ್ಕೆ ತಗೊಳ್ಳಿ, ಮುಂದೆ ಬೆಲೆ ಬರುತ್ತೆ ಅಂತ ತಗೊಳ್ಳಿ, ಯಾರು ಬೇಡ ಅಂದರು? ಅದನ್ನು "ಟ್ರ್ಯಾಕ್‌ಗೆ ಇದೇ ಸರಿ" ಅಂತ ಹೊಸ ಹುಡುಗನ ತಲೆಗೆ ಕಟ್ಟಬೇಡಿ. ತೀರ್ಪು ಕೊಟ್ಟ ಹಿರಿಯರು ಬಂದಿದ್ದೇ ಆಟೋ ಎಸ್‌ಯುವಿಯಲ್ಲಿ. ಹಿಂಜೆವಾಡಿಯ ಸಂಜೆ ಟ್ರಾಫಿಕ್‌ನಲ್ಲಿ ಎಂ2ದ ಕ್ಲಚ್ ಒತ್ತಬೇಕಾದವನು ಆ ಹುಡುಗ.

ಯಾವ ಗೇರ್‌ಬಾಕ್ಸ್ ತಗೊಂಡರೂ ಮೊದಲ ದಿನ ನಿಮ್ಮನ್ನು ಪಿಟ್‌ಗೆ ಕಳಿಸುವುದು ಬ್ರೇಕ್. ಎಂ2ದ ಮುಂದಿನ ಡಿಸ್ಕ್ 380 ಮಿ.ಮೀ., ಆರು ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿಕೆ). ಹಿಂದೆ 370 ಮಿ.ಮೀ. ಹಾರ್ಡ್‌ವೇರ್ ಗಟ್ಟಿಯಾಗಿಯೇ ಇದೆ, ಸೋಲುವುದು ಒಳಗಿನ ಆಯಿಲ್. ಬ್ರೇಕ್ ಆಯಿಲ್‌ನ ಡಾಟ್ 4 ಮಾನದಂಡ ಕೇಳುವುದು ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ. ಗಾಳಿಯ ತೇವ ಹೀರಿಕೊಂಡು ಹಳತಾದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮುಂಬೈ, ಗೋವಾದ ಕಡಲ ಗಾಳಿಯಲ್ಲಿ ನಿಲ್ಲುವ ಕಾರಿನ ಆಯಿಲ್ ಎರಡು ವರ್ಷದ ಸರ್ವಿಸ್ ಬರುವವರೆಗೆ ಟ್ರ್ಯಾಕಿಗೆ ಲಾಯಕ್ಕಾಗಿ ಉಳಿಯುತ್ತೆ ಅಂದುಕೊಳ್ಳಬೇಡಿ. ಕುದ್ದರೆ ಲೈನಿನಲ್ಲಿ ಆವಿಯ ಗುಳ್ಳೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ಹೋಗುತ್ತಲೇ ಇರುತ್ತದೆ. ಮೊಟುಲ್ ಆರ್‌ಬಿಎಫ್ 600 ಹಾಕಿಸಿ, ಅದರ ಒಣ (ತೇವ ಸೇರದ) ಕುದಿಬಿಂದು 312 ಡಿಗ್ರಿ. 660 ಆದರೆ 325. ಟ್ರ್ಯಾಕಿಗೆ ಹೋಗುವ ವಾರದಲ್ಲೇ ಬದಲಿಸಿ, ಆಗಷ್ಟೇ ಸೀಲ್ ಒಡೆದ ಬಾಟಲಿಯಿಂದ. ಮ್ಯಾನ್ಯುಯಲ್‌ನಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದಲೇ ಆಯಿಲ್ ಹೋಗುತ್ತದೆ, ಹಾಗಾಗಿ ಬ್ಲೀಡ್ ಮಾಡುವಾಗ (ಹಳೇ ಆಯಿಲ್, ಗಾಳಿ ಹೊರತೆಗೆಯುವಾಗ) ಕ್ಲಚ್ ಲೈನನ್ನೂ ಮಾಡಿಸಿ. ಅದನ್ನು ಮರೆತ ಗ್ಯಾರೇಜುಗಳೇ ಜಾಸ್ತಿ.

ಪ್ಯಾಡ್ ಅರ್ಧಕ್ಕಿಂತ ತೆಳುವಾಗಿದ್ದರೆ ಹೊಸದು ಹಾಕಿಸಿಯೇ ಹೊರಡಿ. ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಬಿಸಿ ನೇರ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್ಲಿಗೆ. ಸೆಷನ್ ಹದಿನೈದೋ ಇಪ್ಪತ್ತೋ ನಿಮಿಷ ಇದ್ದರೆ ಕೊನೆಯ ಒಂದು ಸುತ್ತು ಬ್ರೇಕ್ ಮುಟ್ಟದಂತೆ ನಿಧಾನ ಬನ್ನಿ. ಪಿಟ್‌ನಲ್ಲಿ ನಿಂತ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಬೇಡಿ, ಆಟೋ ಆದರೆ ಪಿ, ಮ್ಯಾನ್ಯುಯಲ್ ಆದರೆ ಒಂದನೇ ಗೇರು, ಚಕ್ರಕ್ಕೆ ಒಂದು ಅಡ್ಡ ಇಡಿ. ಕೆಂಡದಂತಿರುವ ಡಿಸ್ಕನ್ನು ಪ್ಯಾಡ್ ಒಂದೇ ಕಡೆ ಹಿಡಿದು ನಿಂತರೆ ಅಲ್ಲಿ ಪ್ಯಾಡಿನ ವಸ್ತು ಅಂಟುತ್ತದೆ, ಆಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಬ್ರೇಕ್ ಒತ್ತಿದಾಗೆಲ್ಲ ಕಾರು ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ ಸರ್" ಅಂತ ಹೇಳಿ ಹೊಸ ಡಿಸ್ಕ್ ಮಾರುವುದು ಈ ಕಾಯಿಲೆಗೇ.

ಟೈರ್ ಮುಂದೆ 275/35 ಆರ್19, ಹಿಂದೆ 285/30 ಆರ್20. ರಿಮ್ಮೇ ಬೇರೆ ಬೇರೆ ಇಂಚು, ಹಿಂದೆ ಮುಂದೆ ಅದಲುಬದಲು ಆಗುವುದಿಲ್ಲ. ಮುಂದಿನ ಟೈರಿನ ಹೊರ ಅಂಚು ಮೊದಲು ತಿನ್ನಿಸಿಕೊಳ್ಳುತ್ತದೆ, ಯಾಕೆಂದರೆ ಕಾರ್ಖಾನೆ ಕೊಟ್ಟ ಕ್ಯಾಂಬರ್ ರಸ್ತೆಗೆ ಸರಿ, ಟ್ರ್ಯಾಕಿಗೆ ಸಾಲದು. ಕ್ಯಾಂಬರ್ ಪ್ಲೇಟ್ ಹಾಕಿಸಿ ಮೈನಸ್ 2.5 ಡಿಗ್ರಿ ಆಸುಪಾಸು ತಂದರೆ ಅಂಚು ಉಳಿಯುತ್ತದೆ. ತಣ್ಣಗಿದ್ದಾಗ 29 ಪಿಎಸ್‌ಐಗೆ ಇಟ್ಟು ಶುರು ಮಾಡಿ, ಸೆಷನ್ ಮುಗಿದ ತಕ್ಷಣ ಅಳೆದು 35 ದಾಟಿದಷ್ಟು ಗಾಳಿ ಹೊರಬಿಡಿ. ಆಟೋದ ಆ ಹೆಚ್ಚಿನ 50 ಎನ್‌ಎಂ ತಿರುವಿನಿಂದ ಹೊರಬರುವಾಗ ಹಿಂದಿನ ಟೈರನ್ನು ಬೇಗ ಕಾಯಿಸುತ್ತದೆ, ಅದು ಆಟೋದ ದೋಷ, ಮುಚ್ಚಿಡುವುದಿಲ್ಲ. ಹತ್ತು ಹಂತದ ಟ್ರಾಕ್ಷನ್ ಕಂಟ್ರೋಲ್ ಇರುವುದು ಅದಕ್ಕೇ, ಶುರುವಿಗೆ ಹೆಚ್ಚು ಹಿಡಿತದ ಹಂತದಲ್ಲಿಡಿ. ಎಲ್ಲಾ ಆಫ್ ಮಾಡಿ ರೀಲ್ ಮಾಡುವ ಚಟ ಬೇರೆಯವರಿಗೆ ಬಿಡಿ.

ವಿಮೆಯ ಕಾಗದ ಯಾರೂ ಓದಲ್ಲ. ಮಾಮೂಲಿ ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ ಅಂತ ಬರೆದಿರುತ್ತದೆ. ಟ್ರ್ಯಾಕ್‌ನಲ್ಲಿ ಗೋಡೆಗೆ ತಾಗಿದರೆ ಖರ್ಚು ಪೂರಾ ನಿಮ್ಮದೇ ಅಂದುಕೊಂಡೇ ಇಳಿಯಿರಿ.

ಹುಡುಗನಿಗೆ ಇಷ್ಟು: ಆಟೋ ಬುಕ್ ಮಾಡು. ಆಗಲೇ ದಿನಾ ಮ್ಯಾನ್ಯುಯಲ್ ಓಡಿಸ್ತಿದ್ದು, ಹೀಲ್ ಆಂಡ್ ಟೋ ಯೋಚಿಸದೇ ಬರುತ್ತೆ ಅಂತಾದರೆ ಮಾತ್ರ ಮ್ಯಾನ್ಯುಯಲ್ ಕಡೆ ನೋಡು. ಕಾರು ಬಂದ ಮೇಲೆ 2000 ಕಿ.ಮೀ. ತನಕ 5500 ಆರ್‌ಪಿಎಂ, ಗಂಟೆಗೆ 170 ದಾಟಬೇಡ. ಊರಿಗೆ ಅಂತ ಹುಬ್ಬಳ್ಳಿಗೆ ಎರಡು ಸಲ ಹೋಗಿಬಂದರೆ ಬಹುಪಾಲು ಮುಗಿಯುತ್ತೆ. ಆಗ ಇಂಜಿನ್ ಆಯಿಲ್ಲು, ಡಿಫರೆನ್ಷಿಯಲ್ ಆಯಿಲ್ಲು ಬದಲಿಸುವ ರನ್ನಿಂಗ್ ಇನ್ ಸರ್ವಿಸ್ ತಪ್ಪಿಸಬೇಡ. ಆಮೇಲೆ ಬ್ರೇಕ್ ಆಯಿಲ್, ಆಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, 3.7 ಕಿ.ಮೀ. ಸರ್ಕ್ಯೂಟ್. ಪುಣೆಯಲ್ಲಿ ಹತ್ತಿದ ಎನ್‌ಎಚ್ 48 ನಮ್ಮ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿಸಿ ಅಲ್ಲಿಯ ತನಕ ಕರೆದೊಯ್ಯುತ್ತೆ. ಡಿಕ್ಕಿಯಲ್ಲಿ ಟಾರ್ಕ್ ರೆಂಚ್ ಇರಲಿ, ವೀಲ್ ಬೋಲ್ಟಿಗೆ 140 ಎನ್‌ಎಂ, ಮೊದಲ ಸೆಷನ್ ಆಗಿ ಚಕ್ರ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡು.