ಊರಿನವರಿಗೆ ಹಾಸಿಗೆ ಇಲ್ಲ

ಶನಿವಾರ ಗೋಕರ್ಣದಲ್ಲಿ ಶಿರಸಿಯ ಕೊನೆ ಬಸ್ಸು ತಪ್ಪಿತು. ಕುಡ್ಲೆ ಬೀಚಿನ ಹತ್ತಿರ ಪ್ರವಾಸಿಗರು ತಂಗುವ ಒಂದು ಹಾಸ್ಟೆಲಿಗೆ ಹೋದೆ. ಹಲವರು ಒಟ್ಟಿಗೆ ಮಲಗುವ ಡಾರ್ಮಿನಲ್ಲಿ ಮೇಲಿನ ಬಂಕು ಖಾಲಿ ಇತ್ತು, ಫೋನಿನಲ್ಲೇ ದುಡ್ಡೂ ಕಟ್ಟಿದ್ದೆ. ರಿಸೆಪ್ಷನ್ನಿನ ಹುಡುಗ ಆಧಾರ್ ಕಾರ್ಡು ತಿರುಗಿಸಿ ವಿಳಾಸ ಓದಿದ. "ಸಾರಿ ಸರ್, ಲೋಕಲ್ ಐಡಿಗೆ ರೂಮು ಕೊಡೋದಿಲ್ಲ."

ಲೋಕಲ್ಲಾ? ಶಿರಸಿ ಇಲ್ಲಿಂದ ಸುಮಾರು 80 ಕಿಲೋಮೀಟರ್ ಮಾರಾಯ, ಘಟ್ಟ ಹತ್ತಬೇಕು! ಷರತ್ತಿನ ಕೊನೆಯಲ್ಲಿ ಬರೆದಿತ್ತಂತೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಊರಿನವರು ಕುಡಿದು ಗಲಾಟೆ ಮಾಡ್ತಾರೆ ಅಂತ ಈ ನಿಯಮವಂತೆ. ಗಲಾಟೆಗೂ ಪಿನ್‌ಕೋಡ್ ಇರುತ್ತದಾ?

ಅವನ ಹಿಂದಿನ ಗೋಡೆಯಲ್ಲಿ ಯಕ್ಷಗಾನದ ಕಿರೀಟದ ಚಿತ್ರ. ಕೆಳಗೆ ದೊಡ್ಡದಾಗಿ, "ಲೋಕಲ್ ಆಗಿ ಬದುಕಿ."

ರಿಕ್ಷಾ ಹಿಡಿದು ಕುಮಟಾದ ಅತ್ತೆ ಮನೆ ಬಾಗಿಲು ತಟ್ಟಿದೆ. ಕಟ್ಟಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.