ಸ್ಪಷ್ಟನೆ: ಕಟ್ಟಡ ಕೂಲಿಗಳ ಮಕ್ಕಳ ಕ್ರೆಷ್ ಶುರುವಾಗಿದ್ದು 1996ರಲ್ಲಿ ಅಲ್ಲ

'1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬಂದ ಮೇಲೆಯೇ ಬಿಲ್ಡರ್‌ಗಳು ಕೂಲಿಗಳ ಮಕ್ಕಳಿಗೆ ಕ್ರೆಷ್ ತೆರೆದರು' ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಇದು ತಪ್ಪು. (ಕ್ರೆಷ್ ಅಂದರೆ ತಾಯಂದಿರು ದುಡಿಯುವಾಗ ಅವರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ.)

ಈ ಕೆಲಸ ಅದಕ್ಕಿಂತ 27 ವರ್ಷ ಮೊದಲೇ, 1969ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಗಾಂಧಿ ಶತಮಾನೋತ್ಸವಕ್ಕಾಗಿ ರಾಜಘಾಟ್ ಹತ್ತಿರ ಕಟ್ಟಡದ ಕೆಲಸ ನಡೀತಿತ್ತು. ತಾಯಂದಿರು ತಲೆ ಮೇಲೆ ಇಟ್ಟಿಗೆ ಹೊರುತ್ತಿದ್ದರೆ, ಕೂಸುಗಳು ಅಲ್ಲೇ ಧೂಳಲ್ಲಿ ಮಲಗಿರುತ್ತಿದ್ದವು. ಅದನ್ನು ಕಂಡ ಸಮಾಜಸೇವಕಿ ಮೀರಾ ಮಹಾದೇವನ್ ಸುಮ್ನೆ ಹೋಗಲಿಲ್ಲ. ಅಲ್ಲೇ ಒಂದು ಟೆಂಟ್ ಹಾಕಿಸಿದರು. ಅದೇ 'ಮೊಬೈಲ್ ಕ್ರೆಷಸ್' ಸಂಸ್ಥೆಯ ಮೊದಲ ಕೇಂದ್ರ.

ಈ ಕುಟುಂಬಗಳಿಗೆ ಕೆಲಸದ ಊರಲ್ಲಿ ಸ್ವಂತ ಸೂರಿಲ್ಲ. ಕೆಲಸ ಇರುವಷ್ಟು ದಿನ ತಗಡಿನ ಶೆಡ್, ಆಮೇಲೆ ಗಂಟುಮೂಟೆ ಕಟ್ಟಬೇಕು. ಅದಕ್ಕೇ ಕಟ್ಟಡ ಮುಗಿದರೆ ಕ್ರೆಷ್ ಕೂಡ ಬೇರೆ ಕಡೆ ಹೋಗುತ್ತದೆ. ಹಾಲುಗಲ್ಲದ ಕೂಸು ಮಾತ್ರ ಅಲ್ಲ, ಅದನ್ನು ಸೊಂಟದಲ್ಲಿ ಹೊತ್ತು ಶಾಲೆ ತಪ್ಪಿಸಿಕೊಂಡ ಅಕ್ಕನಿಗೂ ಅಲ್ಲಿ ಪಾಠ ಸಿಗುತ್ತದೆ. ನನ್ನ ಮಟ್ಟಿಗೆ ಇದೇ ಇದರ ದೊಡ್ಡ ಗುಣ.

ಹಾಗಾದರೆ 1996ರ ಕಾಯ್ದೆ? ಅದೂ ಮುಖ್ಯವೇ. 50ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ದುಡಿಯುವಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಲೇಬೇಕು ಎಂದು ಅದು ಹೇಳಿತ್ತು. ಖರ್ಚಿನಲ್ಲಿ ಬಿಲ್ಡರ್‌ಗಳ ಪಾಲೂ ಇರುತ್ತದೆ, ನಿಜ. ಆದರೆ ಮೊದಲು ಹೆಜ್ಜೆ ಇಟ್ಟವರು ಅವರಲ್ಲ. ಮೆಸೇಜ್ ಮುಂದೆ ಕಳಿಸುವವರು ದಯವಿಟ್ಟು ಇಸವಿ ತಿದ್ದಿ, ಮೀರಾ ಅವರ ಹೆಸರನ್ನೂ ಸೇರಿಸಿ.